ನೌಶೇರಾ–ರಜೌರಿ ರಸ್ತೆಯ ನಾಲ್ಕು ದಿನಗಳು: ರಾಮ ರಾಘೋಬ ರಾಣೆಯವರ ಪರಮವೀರ ಚಕ್ರ – ಒಂದು ಪ್ರಕರಣ ಅಧ್ಯಯನ

ಸ್ವತಂತ್ರ ಭಾರತ ಈವರೆಗೆ 21 ಯೋಧರಿಗೆ ಪರಮವೀರ ಚಕ್ರ ನೀಡಿದೆ. ಅವರಲ್ಲಿ 14 ಮಂದಿಗೆ ಅದು ಸಂದದ್ದು ಮರಣಾನಂತರ. ಪ್ರತಿ ಪದಕದ ಜೊತೆಗೂ ಒಂದು ಉಲ್ಲೇಖಪತ್ರ ಇರುತ್ತದೆ. ಆ ಯೋಧ ಯಾವ ದಿನ, ಯಾವ ಸ್ಥಳದಲ್ಲಿ, ಏನು ಮಾಡಿದ್ದಕ್ಕಾಗಿ ದೇಶ ಅವನನ್ನು ಗೌರವಿಸುತ್ತಿದೆ ಎಂಬುದನ್ನು ಅದು ದಾಖಲಿಸುತ್ತದೆ. ಈ ಪತ್ರಗಳನ್ನು ಒಂದಾದ ಮೇಲೊಂದು ಓದುತ್ತಾ ಹೋದರೆ ಹೆಚ್ಚಿನವುಗಳಲ್ಲಿ ನಮಗೆ ಸಿಗುವುದು ಬಂಕರಿನ ಮೇಲಿನ ದಾಳಿ, ಕೈಬಾಂಬು, ಬಾಯೊನೆಟ್ಟು, ಕೊನೆಯ ಗುಂಡಿನವರೆಗೆ ಕಾದ ಠಾಣೆ. ಆದರೆ ಒಂದು ಪತ್ರದಲ್ಲಿ ಮಾತ್ರ ಉದ್ದಕ್ಕೂ ಕಾಣುವುದು ಉರುಳಿಸಿದ ಪೈನ್ ಮರಗಳು, ಒಡೆದ ಮೋರಿ, ಹೂತಿಟ್ಟ ನೆಲಬಾಂಬುಗಳು, ಕುಸಿದ ರಸ್ತೆಯಂಚು ಮತ್ತು ಗಡಿಯಾರದ ಹೊತ್ತುಗಳು. ಆ ಪತ್ರದ ನಾಯಕ ಒಂದು ಗುಂಡನ್ನಾದರೂ ಹಾರಿಸಿದ ಮಾತು ಅದರಲ್ಲಿಲ್ಲ. ಅದು ಸೇನೆಯ ಇಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಪಡೆಯ ಸೆಕೆಂಡ್ ಲೆಫ್ಟಿನೆಂಟ್ ರಾಮ ರಾಘೋಬ ರಾಣೆಯವರದು. ಅವರು ನಮ್ಮ ಕಾರವಾರ ತಾಲೂಕಿನ ಚೆಂಡಿಯಾ ಊರಿನವರು. ಇಂದಿನ ಕರ್ನಾಟಕದ ನೆಲದಲ್ಲಿ ಹುಟ್ಟಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ.

ಶತ್ರುವಿನ ಮೇಲೆ ಏರಿಹೋಗದೆ, ದಾರಿ ತೆರೆಯುವ ಕೆಲಸವನ್ನಷ್ಟೇ ಮಾಡಿದವರಿಗೆ ದೇಶದ ಅತ್ಯುನ್ನತ ಶೌರ್ಯ ಪದಕ ಸಂದದ್ದು ಹೇಗೆ ಮತ್ತು ಏಕೆ ಎಂಬುದು ಈ ಅಧ್ಯಯನದ ಪ್ರಶ್ನೆ. ಅದಕ್ಕೆ ಉತ್ತರ ಕಂಡುಕೊಳ್ಳಬೇಕಾದರೆ 1948ರ ಏಪ್ರಿಲ್ 8ರಿಂದ 11ರವರೆಗಿನ ನಾಲ್ಕು ದಿನಗಳನ್ನು ಹೊತ್ತು ಹೊತ್ತಿಗೆ ನೋಡಬೇಕಾಗುತ್ತದೆ.

ರಸ್ತೆ ಮತ್ತು ಅದರ ಮಹತ್ವ

1947ರ ಕೊನೆಯ ತಿಂಗಳುಗಳಲ್ಲಿ, ಕಾಶ್ಮೀರಕ್ಕಾಗಿ ಭಾರತ–ಪಾಕಿಸ್ತಾನಗಳ ನಡುವೆ ಮೊದಲ ಯುದ್ಧ ನಡೆಯುತ್ತಿದ್ದಾಗ, ಜಮ್ಮು ಪ್ರಾಂತ್ಯದ ಪಶ್ಚಿಮ ಅಂಚು ಪಾಕಿಸ್ತಾನದ ಬೆಂಬಲವಿದ್ದ ದಾಳಿಕೋರರ ಕೈಯಲ್ಲಿತ್ತು. ರಜೌರಿ ಪಟ್ಟಣ ನವೆಂಬರಿನಲ್ಲಿಯೇ ಬಿದ್ದುಹೋಗಿತ್ತು. ಝಂಗಡ ಡಿಸೆಂಬರ್ 24ರಂದು ಕೈತಪ್ಪಿತು. ನೌಶೇರಾ ಉಳಿಯಿತು, ಆದರೆ ಸುಲಭವಾಗಿ ಅಲ್ಲ. 1948ರ ಫೆಬ್ರುವರಿ 6ರಂದು ಅದರ ಮೇಲೆ ನಡೆದ ಭಾರೀ ದಾಳಿಯನ್ನು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಅವರ ಬ್ರಿಗೇಡ್ ಹಿಮ್ಮೆಟ್ಟಿಸಿತು, ಮತ್ತು ಆ ದಿನ ಟೈನ್‌ಧಾರ್ ಠಾಣೆಯನ್ನು ಕಾಯುತ್ತಾ ಮಡಿದ ನಾಯಕ್ ಜದುನಾಥ್ ಸಿಂಗ್ ಅವರಿಗೆ ಮುಂದೆ ಪರಮವೀರ ಚಕ್ರ ಸಂದಿತು. ಮಾರ್ಚ್ 18ರಂದು ಝಂಗಡ ಮರಳಿ ಭಾರತೀಯ ಸೇನೆಯ ವಶವಾಯಿತು. ಅದಾದ ಮೇಲೆ ಮುಂದಿನ ಗುರಿ ರಜೌರಿ. ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ನಾಗರಿಕರ ಪಾಡು ಎಣಿಸಿಕೊಂಡರೆ ಆ ಮುನ್ನಡೆಯಲ್ಲಿ ಒಂದೊಂದು ದಿನದ ತಡವೂ ಬೆಲೆಯುಳ್ಳದ್ದಾಗಿತ್ತು.

ನೌಶೇರಾದಿಂದ ರಜೌರಿಗೆ ಹೋಗುವ ದಾರಿ ಹೊಸದಲ್ಲ. ಮೊಗಲ್ ಬಾದಶಹರು ಕಾಶ್ಮೀರಕ್ಕೆ ಹೋಗಿಬರುತ್ತಿದ್ದ ಹಳೆಯ ಹಾದಿಯೇ ಅದು. ನಡುವೆ ಬರುವ ಚಿಂಗಸ್‌ನಲ್ಲಿ ಇಂದಿಗೂ ಒಂದು ಮೊಗಲ್ ಸರಾಯಿ ಇದೆ, ಮತ್ತು 1627ರಲ್ಲಿ ಕಾಶ್ಮೀರದಿಂದ ಮರಳುವಾಗ ತೀರಿಕೊಂಡ ಜಹಾಂಗೀರನ ಕರುಳನ್ನು ಅಲ್ಲಿಯೇ ಹೂಳಲಾಯಿತೆಂದು ಅಲ್ಲಿನ ಜನ ಹೇಳುತ್ತಾರೆ. 1948ರಲ್ಲಿ ಈ ಹಾದಿ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ತಾವಿ ನದಿಯ ಕಣಿವೆಯಿರುವ, ಒಂದೇ ವಾಹನ ಹೋಗುವಷ್ಟು ಇಕ್ಕಟ್ಟಿನ ರಸ್ತೆಯಾಗಿತ್ತು. ಮುನ್ನಡೆಯುತ್ತಿದ್ದ ದಂಡಿನ ಮುಂಭಾಗದಲ್ಲಿ ಸೆಂಟ್ರಲ್ ಇಂಡಿಯಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳಿದ್ದವು. ಬಯಲಿನಲ್ಲಾದರೆ ಟ್ಯಾಂಕು ತಡೆಯನ್ನು ಬಳಸಿಕೊಂಡು ಹೋಗಬಲ್ಲದು. ಇಂಥ ಗುಡ್ಡದ ರಸ್ತೆಯಲ್ಲಿ ಅದಕ್ಕೆ ರಸ್ತೆ ಬಿಟ್ಟರೆ ಬೇರೆ ಗತಿಯಿಲ್ಲ. ಮುಂದಿನ ಟ್ಯಾಂಕು ನಿಂತರೆ ಹಿಂದಿನ ಸಾಲೆಲ್ಲ ನಿಲ್ಲುತ್ತದೆ, ನಿಂತ ಸಾಲು ಗುಡ್ಡದ ಮೇಲಿನ ಮಾರ್ಟರುಗಳಿಗೆ ನೇರ ಗುರಿಯಾಗುತ್ತದೆ.

ಇದನ್ನು ಎದುರಾಳಿ ಚೆನ್ನಾಗಿ ಅರಿತಿದ್ದ. ರಸ್ತೆಗೆ ಅಡ್ಡ ಮರ ಉರುಳಿಸುವುದು ಸುಲಭ, ಅದನ್ನು ತೆಗೆಯುವುದೂ ಸುಲಭವೇ; ಆದರೆ ಮರದ ಸುತ್ತ ನೆಲಬಾಂಬು ಹೂತು, ಆ ಜಾಗದ ಮೇಲೆ ಮಷಿನ್ ಗನ್ ಗುರಿಯಿಟ್ಟು ಕೂತರೆ ಅದೇ ಮರ ಒಂದು ಕೋಟೆಯ ಬಾಗಿಲಾಗುತ್ತದೆ. ಗುಂಡಿನ ಕಾವಲಿಲ್ಲದ ತಡೆ ತಡೆಯೇ ಅಲ್ಲ ಎಂಬುದು ಸೈನಿಕ ಪಾಠಗಳಲ್ಲಿ ಮೊದಲನೆಯದು. ಆದ್ದರಿಂದ ತಡೆ ತೆಗೆಯಲು ಹೋಗುವ ಸ್ಯಾಪರನ, ಅಂದರೆ ಇಂಜಿನಿಯರ್ ಪಡೆಯ ಸೈನಿಕನ, ಪರಿಸ್ಥಿತಿ ಕಾಲಾಳಿನದಕ್ಕಿಂತ ಬೇರೆ. ಕಾಲಾಳು ಗುಂಡು ಬಂದಾಗ ಮರೆಗೆ ಹೋಗಬಹುದು, ಜಾಗ ಬದಲಾಯಿಸಬಹುದು, ತಿರುಗಿ ಹೊಡೆಯಬಹುದು. ಸ್ಯಾಪರನಿಗೆ ಜಾಗವನ್ನು ಶತ್ರುವೇ ಆರಿಸಿಟ್ಟಿರುತ್ತಾನೆ, ಅವನ ಎರಡು ಕೈಗಳೂ ನೆಲಬಾಂಬಿನ ಮೇಲಿರುತ್ತವೆ, ಮತ್ತು ಅವಸರ ಮಾಡಿದರೆ ಸಾಯುವುದು ಕೆಳಗಿನ ಬಾಂಬಿನಿಂದ, ತಡಮಾಡಿದರೆ ಮೇಲಿನ ಗುಂಡಿನಿಂದ.

ಆ ಹೊತ್ತಿಗೆ ರಾಣೆಯವರು

ರಾಣೆಯವರು 1918ರ ಜೂನ್ 26ರಂದು ಹುಟ್ಟಿದರು. ತಂದೆ ಪೊಲೀಸ್ ಇಲಾಖೆಯಲ್ಲಿದ್ದರು. ವರ್ಗಾವಣೆಯ ಕಾರಣ ಬಾಲ್ಯ ಊರಿಂದೂರಿಗೆ ಸಾಗಿತು. 1940ರ ಜುಲೈಯಲ್ಲಿ ಅವರು ಬಾಂಬೆ ಸ್ಯಾಪರ್ಸ್ ಎಂದೂ ಕರೆಯುವ ಬಾಂಬೆ ಇಂಜಿನಿಯರ್ಸ್ ಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದರು ಮತ್ತು ತರಬೇತಿಯಲ್ಲಿ ತಮ್ಮ ತಂಡದ ಅತ್ಯುತ್ತಮ ರಿಕ್ರೂಟ್ ಎನಿಸಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ 26ನೇ ಇನ್‌ಫೆಂಟ್ರಿ ಡಿವಿಷನ್ನಿನ ಜೊತೆಗಿದ್ದ 28ನೇ ಫೀಲ್ಡ್ ಕಂಪನಿಯಲ್ಲಿ ಬರ್ಮಾದ ಅರಾಕಾನ್ ಪ್ರದೇಶಕ್ಕೆ ಹೋದರು. ಅಲ್ಲಿಂದ ಸೇನೆ ಹಿಂದೆಗೆಯುವಾಗ, ಬುತಿದಾಂಗ್‌ನಲ್ಲಿ ಶತ್ರುವಿನ ಕೈಗೆ ಸಿಗಬಾರದ ನೆಲೆಗಳನ್ನು ಒಡೆದುಹಾಕಲು ಕೊನೆಯಲ್ಲಿ ಉಳಿದವರಲ್ಲಿ ಅವರ ತುಕಡಿಯೂ ಒಂದು; ಆಮೇಲೆ ಜಪಾನಿ ಗಸ್ತಿನ ಕಣ್ಣು ತಪ್ಪಿಸಿ ನದಿ ದಾಟಿ ತಮ್ಮ ಜನರನ್ನು ಮರಳಿ ಡಿವಿಷನ್ನಿಗೆ ಸೇರಿಸಿದರು. ಹವಾಲ್ದಾರರಾದರು, ಜಮಾದಾರರಾದರು, 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು.

ಅಂದರೆ ರಜೌರಿ ರಸ್ತೆಗೆ ಬಂದಾಗ ಅವರು ಅಧಿಕಾರಿಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ, ಆದರೆ ಸ್ಯಾಪರನಾಗಿ ಏಳು ವರ್ಷ ದಾಟಿತ್ತು. ಈ ಪ್ರಕರಣದಲ್ಲಿ ಇದು ಸಣ್ಣ ಸಂಗತಿಯಲ್ಲ. ಸಲಿಕೆ, ಪಿಕಾಸಿ, ಸಿಡಿಮದ್ದಿನ ಕಟ್ಟು, ನೆಲವನ್ನು ಬೆರಳಿನಿಂದ ತಡವಿ ಬಾಂಬು ಪತ್ತೆಹಚ್ಚುವ ಕೆಲಸ ಇವನ್ನೆಲ್ಲ ಅವರು ಆಜ್ಞೆ ಕೊಡುವವರಾಗಿ ಅಲ್ಲ, ಸ್ವತಃ ಮಾಡಿದವರಾಗಿ ಬಲ್ಲವರಾಗಿದ್ದರು.

ಘಟನಾಕ್ರಮ

ಏಪ್ರಿಲ್ 8ರಂದು 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ನೆಲಬಾಂಬು ಮತ್ತು ರಸ್ತೆತಡೆ ತೆರವಿನ ತುಕಡಿಯ ಹೊಣೆ ರಾಣೆಯವರದಾಗಿತ್ತು. ನೌಶೇರಾ–ರಜೌರಿ ರಸ್ತೆಯ 26ನೇ ಮೈಲಿಯ ಹತ್ತಿರ, ಬೆಳಿಗ್ಗೆ 11 ಗಂಟೆಗೆ, ಕೆಲಸಕ್ಕೆ ಇಳಿಯಲು ಟ್ಯಾಂಕುಗಳ ಪಕ್ಕದಲ್ಲಿ ಕಾದು ನಿಂತಿದ್ದಾಗಲೇ ಮಾರ್ಟರ್ ದಾಳಿ ಶುರುವಾಯಿತು. ತುಕಡಿಯ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರು ಗಾಯಗೊಂಡರು. ಒಂದು ಬಾಂಬನ್ನೂ ಇನ್ನೂ ತೆಗೆದಿಲ್ಲ, ಒಂದು ಮರವನ್ನೂ ಸರಿಸಿಲ್ಲ. ಅಷ್ಟರೊಳಗೆ ಏಳು ಮಂದಿಗೆ ಪೆಟ್ಟಾಗಿತ್ತು. ರಾಣೆಯವರು ಉಳಿದವರನ್ನು ಕೂಡಲೇ ಮರುಹೊಂದಿಸಿ ಕೆಲಸಕ್ಕೆ ಹಚ್ಚಿದರು ಮತ್ತು ದಿನವಿಡೀ ಟ್ಯಾಂಕುಗಳ ಬಳಿಯಲ್ಲಿಯೇ, ಮಷಿನ್ ಗನ್ ಮತ್ತು ಮಾರ್ಟರುಗಳ ಹೊಡೆತದ ನಡುವೆ ಇದ್ದರು.

ಮಧ್ಯಾಹ್ನದ ನಂತರ ಡೋಗ್ರಾ ರೆಜಿಮೆಂಟಿನ ಕಾಲಾಳುಗಳು ಬರ್ವಾಲಿ ಏಣನ್ನು ಹಿಡಿದರು. ಆಗ ಸುಮಾರು 4.30. ಏಣು ಕೈಸೇರಿದ್ದರೂ ಸುತ್ತಲಿನ ಜಾಗ ಶತ್ರುವಿನಿಂದ ಪೂರ್ತಿ ತೆರವಾಗಿರಲಿಲ್ಲ, ಮತ್ತು ಅದು ರಾಣೆಯವರಿಗೆ ಗೊತ್ತಿತ್ತು ಎಂದು ಉಲ್ಲೇಖಪತ್ರ ಸ್ಪಷ್ಟವಾಗಿ ಹೇಳುತ್ತದೆ. ಗೊತ್ತಿದ್ದೂ ಅವರು ತುಕಡಿಯನ್ನು ಮುಂದಕ್ಕೆ ಕರೆದೊಯ್ದು ಟ್ಯಾಂಕುಗಳಿಗಾಗಿ ಬಳಸುದಾರಿ ಕಡಿಯಲು ತೊಡಗಿದರು. ರಾತ್ರಿ 10 ಗಂಟೆಯವರೆಗೆ, ಶತ್ರುವಿನ ಕಣ್ಣೆದುರಿನಲ್ಲಿಯೇ, ಕೆಲಸ ನಡೆಯಿತು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಶುರು, ಮಧ್ಯಾಹ್ನ 3ಕ್ಕೆ ದಾರಿ ಸಿದ್ಧ. ಒಂದೇ ಒಂದು ಬಳಸುದಾರಿಗೆ ಹೀಗೆ ಹದಿನಾಲ್ಕೂವರೆ ಗಂಟೆ ಹಿಡಿಯಿತು.

9ರ ಸಂಜೆಯ ಮೂರು ಗಂಟೆಗಳನ್ನು ಓದುವಾಗ ನನ್ನ ಉಸಿರು ಈಗಲೂ ಬಿಗಿಯಾಗುತ್ತದೆ. ಟ್ಯಾಂಕುಗಳು ಹೊರಟಾಗ ರಾಣೆಯವರು ಎಲ್ಲಕ್ಕಿಂತ ಮುಂದಿನ ಕ್ಯಾರಿಯರ್ (ಹಗುರ ಕವಚದ ಸೇನಾ ವಾಹನ) ಹತ್ತಿದರು. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ತಡೆ ಎದುರಾಯಿತು. ಇಳಿದು ಸಿಡಿಮದ್ದಿಟ್ಟು ಅದನ್ನು ಹಾರಿಸಿದರು. ಇನ್ನೊಂದು 300 ಗಜದಲ್ಲಿ ಮತ್ತದೇ. 5 ಗಂಟೆಯ ಹೊತ್ತಿಗೆ, ರಸ್ತೆ ಹಾವಿನಂತೆ ಗುಡ್ಡವನ್ನು ಸುತ್ತಿಕೊಂಡು ಹೋಗುವ ಕಡೆಯಲ್ಲಿ, ಸ್ಫೋಟಿಸಿ ಕೆಡವಿದ್ದ ಮೋರಿ ಅಡ್ಡ ಬಂತು. ಕೈ ಹಚ್ಚುವ ಮೊದಲೇ ಮಷಿನ್ ಗನ್‌ಗಳು ಗರ್ಜಿಸಿದವು. ಆದರೂ ಪಕ್ಕದಲ್ಲಿ ದಾರಿ ಕಡಿದು ದಂಡನ್ನು ದಾಟಿಸಿದರು. ತಡೆಗಳು ಹೆಚ್ಚುತ್ತಲೇ ಹೋದವು. 6.15ಕ್ಕೆ, ಬೆಳಕು ಕುಂದುತ್ತಿರುವಾಗ, ಸುತ್ತಲೂ ನೆಲಬಾಂಬು ಹೂತು ಮಷಿನ್ ಗನ್ ಕಾವಲಿಟ್ಟಿದ್ದ ಐದು ದೊಡ್ಡ ಪೈನ್ ಮರಗಳ ಭಾರೀ ತಡೆ ಎದುರಾಯಿತು. ರಾಣೆಯವರು ಬಾಂಬು ತೆಗೆಯಲು ಶುರುಮಾಡಿಯೇ ಬಿಟ್ಟಿದ್ದರು. ಅವರನ್ನು ನಿಲ್ಲಿಸಿದ್ದು ಶತ್ರುವಲ್ಲ, ಟ್ಯಾಂಕುದಂಡಿನ ಕಮಾಂಡರ್. ಪರಿಸ್ಥಿತಿಯನ್ನು ಅಳೆದು ನೋಡಿದ ಆ ಅಧಿಕಾರಿ ಇಡೀ ದಂಡನ್ನು ರಾತ್ರಿಯ ತಂಗುದಾಣಕ್ಕೆ ಸೇರಿಸಿದರು.

10ರ ನಸುಕಿನ 4.45ಕ್ಕೆ ರಾಣೆಯವರು ಅದೇ ಐದು ಮರಗಳ ಮುಂದೆ ಇದ್ದರು. ಈ ಬಾರಿ ಒಂದು ಟ್ಯಾಂಕ್ ತುಕಡಿಯ ಬೆಂಬಲವಿತ್ತು, ಗುಂಡಿನ ಸುರಿಮಳೆಯೂ ಇತ್ತು. 6.30ಕ್ಕೆ ತಡೆ ತೆರವಾಯಿತು. ಅದರಾಚೆಯ ಸಾವಿರ ಗಜ ರಸ್ತೆ ಪೂರ್ತಿ ತಡೆಗಳಿಂದ, ಸಿಡಿಸಿ ಕೆಡವಿದ ಒಡ್ಡುಗಳಿಂದ ತುಂಬಿಹೋಗಿತ್ತು. ಅಷ್ಟೂ ಜಾಗ ಮಷಿನ್ ಗನ್‌ಗಳ ಗುರಿಯೊಳಗಿತ್ತು. ಆ ಸಾವಿರ ಗಜಕ್ಕೆ ನಾಲ್ಕು ಗಂಟೆ ಹಿಡಿಯಿತು, ಅಂದರೆ ಗಂಟೆಗೆ 250 ಗಜ. 10.30ಕ್ಕೆ ಟ್ಯಾಂಕುಗಳು ದಾಟಿ, ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕೆ ಇಳಿದವು. ಮಧ್ಯಾಹ್ನ 2ಕ್ಕೆ ಚಿಂಗಸ್ ಸೇರಿದವು. ರಾಣೆಯವರು ಮಾತ್ರ ರಸ್ತೆಯಲ್ಲಿಯೇ ಉಳಿದು, ಹಿಂದೆ ಬರಬೇಕಾದ ಸರಬರಾಜು ವಾಹನಗಳಿಗಾಗಿ ಅನ್ನ, ವಿಶ್ರಾಂತಿಗಳಿಲ್ಲದೆ ರಾತ್ರಿ 9ರವರೆಗೆ ದಾರಿ ಬಿಡಿಸುತ್ತಾ ಹೋದರು. 11ರ ಬೆಳಿಗ್ಗೆ 6ಕ್ಕೆ ಮತ್ತೆ ಶುರುಮಾಡಿ 11 ಗಂಟೆಗೆ ಚಿಂಗಸ್‌ವರೆಗಿನ ರಸ್ತೆಯನ್ನು ತೆರೆದರು. ಆ ರಾತ್ರಿ 10ರವರೆಗೆ ಅದರ ಮುಂದಿನ ರಸ್ತೆಯನ್ನು ತೆರವುಗೊಳಿಸುತ್ತಿದ್ದರು.

8ರ ಬೆಳಿಗ್ಗೆ 11ರಿಂದ 11ರ ರಾತ್ರಿ 10ರವರೆಗೆ ಒಟ್ಟು 83 ಗಂಟೆಗಳಾಗುತ್ತವೆ. ಉಲ್ಲೇಖಪತ್ರ ಕೊಡುವ ಹೊತ್ತುಗಳನ್ನು ಕೂಡಿಸಿ ನೋಡಿದರೆ ಅದರಲ್ಲಿ ಸುಮಾರು 55 ಗಂಟೆ ಗಾಯಗೊಂಡ ಈ ಅಧಿಕಾರಿ ಕೆಲಸದ ಮೇಲಿದ್ದರು.

ಹೇಳುವ ಕಥೆ ಮತ್ತು ದಾಖಲೆ

ರಾಣೆಯವರ ಬಗ್ಗೆ ಬಹಳ ಪ್ರಚಾರದಲ್ಲಿರುವ ಒಂದು ಪ್ರಸಂಗವಿದೆ. ಅವರು ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ನೆಲಬಾಂಬುಗಳ ನಡುವೆ ದಾರಿ ನೋಡಿಕೊಳ್ಳುತ್ತಾ, ಚಾಲಕನವರೆಗೆ ಹಾಯಿಸಿದ್ದ ಹಗ್ಗವನ್ನು ಎಳೆದು ನಿಲ್ಲು, ಹೋಗು ಎಂದು ಸನ್ನೆ ಮಾಡಿದರೆಂದು ಹೇಳಲಾಗುತ್ತದೆ. ಮೈನವಿರೇಳಿಸುವ ಪ್ರಸಂಗ ಅದು, ಚಿತ್ರದಂತೆ ಕಣ್ಣಿಗೆ ಕಟ್ಟುತ್ತದೆ. ಆದರೆ ಉಲ್ಲೇಖಪತ್ರದಲ್ಲಿ ಅದಿಲ್ಲ. ಪದಕ ಸಂದದ್ದು ಯಾವುದಕ್ಕೆ ಎಂಬುದೇ ಇಲ್ಲಿನ ಪ್ರಶ್ನೆಯಾದ್ದರಿಂದ ನಾನು ಅದನ್ನು ವಿಶ್ಲೇಷಣೆಗೆ ತೆಗೆದುಕೊಂಡಿಲ್ಲ. ಮತ್ತು ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಹಗ್ಗ ಇಲ್ಲದೆಯೂ ಈ ಪ್ರಕರಣದ ತೂಕ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ.

ಪದಕದ ಮಾತುಗಳು ಮತ್ತು ಈ ಕೃತ್ಯ

ರಾಣೆಯವರು ಈ ಕೆಲಸ ಮಾಡಿದಾಗ ಪರಮವೀರ ಚಕ್ರ ಎಂಬ ಪದಕವೇ ಇರಲಿಲ್ಲ. ಸ್ವಾತಂತ್ರ್ಯದೊಂದಿಗೆ ಬ್ರಿಟಿಷ್ ಪದಕಗಳ ಕಾಲ ಮುಗಿದಿತ್ತು, ಭಾರತದ್ದೇ ಆದವು ಇನ್ನೂ ಜಾರಿಗೆ ಬಂದಿರಲಿಲ್ಲ. 1950ರ ಜನವರಿ 26ರಂದು, ಗಣರಾಜ್ಯ ಹುಟ್ಟಿದ ದಿನವೇ, ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳನ್ನು ಸ್ಥಾಪಿಸಿ ಅವು 1947ರ ಆಗಸ್ಟ್ 15ರಿಂದ ಅನ್ವಯವಾಗುತ್ತವೆ ಎಂದು ಸಾರಲಾಯಿತು. ಕಾಶ್ಮೀರದಲ್ಲಿ ಅದಾಗಲೇ ಹೋರಾಡಿ ಮುಗಿಸಿದವರು ಗೌರವದಿಂದ ವಂಚಿತರಾಗದೆ ಉಳಿದದ್ದು ಈ ಹಿಂದಿನ ದಿನಾಂಕದಿಂದ. ಸಾವಿತ್ರಿ ಖಾನೋಲ್ಕರ್ ಅವರು ರೂಪಿಸಿದ ಆ ಕಂಚಿನ ಪದಕದ ನಡುವೆ ರಾಜ್ಯಲಾಂಛನ, ಸುತ್ತ ಇಂದ್ರನ ವಜ್ರಾಯುಧದ ನಾಲ್ಕು ಆಕೃತಿಗಳು. ಅಸುರರನ್ನು ಗೆಲ್ಲುವ ಆಯುಧಕ್ಕಾಗಿ ತನ್ನ ಬೆನ್ನೆಲುಬನ್ನೇ ಕೊಟ್ಟ ದಧೀಚಿಯ ನೆನಪು ಅದರಲ್ಲಿದೆ. ರಾಣೆಯವರ ಹೆಸರು 1950ರ ಜೂನಿನಲ್ಲಿ ರಾಜಪತ್ರದಲ್ಲಿ ಪ್ರಕಟವಾಯಿತು. ಆ ಯುದ್ಧಕ್ಕೆ ಸಂದ ಐದು ಪರಮವೀರ ಚಕ್ರಗಳಲ್ಲಿ ಅದನ್ನು ಬದುಕಿದ್ದು ಪಡೆದವರು ಇಬ್ಬರೇ: ರಾಣೆಯವರು ಮತ್ತು ಲಾನ್ಸ್ ನಾಯಕ್ ಕರಮ್ ಸಿಂಗ್.

ನಿಯಮದ ಪ್ರಕಾರ ಈ ಪದಕ ಸಲ್ಲುವುದು ಶತ್ರುವಿನ ಸಮ್ಮುಖದಲ್ಲಿ, ನೆಲದ ಮೇಲಾಗಲಿ ಸಮುದ್ರದಲ್ಲಾಗಲಿ ಆಕಾಶದಲ್ಲಾಗಲಿ ತೋರಿದ ಅತ್ಯಂತ ಎದ್ದುಕಾಣುವ ಧೈರ್ಯಕ್ಕೆ, ಅಥವಾ ಸಾಹಸದ ಇಲ್ಲವೇ ಅಸಾಧಾರಣವಾದ ಶೌರ್ಯ ಅಥವಾ ಆತ್ಮತ್ಯಾಗದ ಕೃತ್ಯಕ್ಕೆ. ಈ ವಾಕ್ಯದ ಎರಡು ಅಂಶಗಳು ನಮ್ಮ ಪ್ರಕರಣಕ್ಕೆ ನೇರವಾಗಿ ತಾಗುತ್ತವೆ.

ಮೊದಲನೆಯದು 'ಶತ್ರುವಿನ ಸಮ್ಮುಖದಲ್ಲಿ' ಎಂಬ ಷರತ್ತು. ನೆಲಬಾಂಬು ತೆಗೆಯುವುದು ಯಾವಾಗಲೂ ಪ್ರಾಣಾಪಾಯದ ಕೆಲಸ. ಆದರೆ ಶತ್ರು ಹಿಂದೆಗೆದ ಮೇಲೆ ಅವನು ಬಿಟ್ಟುಹೋದ ಬಾಂಬುಗಳನ್ನು ತೆಗೆಯುವಾಗ ತೋರುವ ಧೈರ್ಯ, ಅದೆಷ್ಟೇ ದೊಡ್ಡದಾದರೂ, ಈ ಪದಕದ ವ್ಯಾಪ್ತಿಗೆ ಬರುವುದಿಲ್ಲ. ಅಂಥ ಕೃತ್ಯಗಳಿಗೆಂದೇ 1952ರಲ್ಲಿ ಅಶೋಕ ಚಕ್ರದ ಶ್ರೇಣಿ ಬಂತು. ರಾಣೆಯವರ ಉಲ್ಲೇಖಪತ್ರ ಬರೆದವರು ಹಂತ ಹಂತದಲ್ಲೂ ಮಷಿನ್ ಗನ್, ಮಾರ್ಟರುಗಳನ್ನು ಹೆಸರಿಸಿರುವುದು ವರ್ಣನೆಗಾಗಿ ಎಂದು ಮೇಲುನೋಟಕ್ಕೆ ಅನ್ನಿಸಬಹುದು. ನನ್ನ ಓದಿನಲ್ಲಿ ಅದು ಪುರಾವೆ. ರಣಭೂಮಿಯಿಂದ ಮೇಲಿನ ಕಮಾಂಡುಗಳ ಮೂಲಕ ಸೇನಾ ಕೇಂದ್ರ ಕಚೇರಿಗೆ, ಅಲ್ಲಿಂದ ಸರ್ಕಾರಕ್ಕೆ, ಕೊನೆಗೆ ರಾಷ್ಟ್ರಪತಿಯವರ ಅಂಕಿತಕ್ಕೆ ಏರಿಹೋಗುವ ಒಂದು ಶಿಫಾರಸನ್ನು ದಾರಿಯುದ್ದಕ್ಕೂ ಓದುವವರು ಆ ಗುಡ್ಡವನ್ನು ಕಂಡವರಲ್ಲ. ಅವರ ಮುಂದಿರುವುದು ಕಾಗದ ಮಾತ್ರ. 'ಧೈರ್ಯಶಾಲಿ' ಎಂಬ ವಿಶೇಷಣ ಅಲ್ಲಿ ಹೆಚ್ಚು ದೂರ ಸಾಗುವುದಿಲ್ಲ. ಯಾವ ಮೈಲಿ, ಯಾವ ಗಂಟೆ, ಎಷ್ಟು ಗಜ, ಎಷ್ಟು ಮರ, ಯಾರ ಗುಂಡು ಎಂಬ ವಿವರವೇ ಅಲ್ಲಿ ಮಾತಾಡುತ್ತದೆ.

ಎರಡನೆಯದು ಆ ವಾಕ್ಯದಲ್ಲಿ ಇಲ್ಲದಿರುವ ಒಂದು ಮಾತು. ಪರಮವೀರ ಚಕ್ರದ ನಿಯಮದ ಭಾಷೆ ಬ್ರಿಟಿಷರ ವಿಕ್ಟೋರಿಯಾ ಕ್ರಾಸ್ ಪದಕದ ಭಾಷೆಗೆ ಬಹಳ ಹತ್ತಿರ. ಆದರೆ ಅಲ್ಲಿ ಶೌರ್ಯ, ಆತ್ಮತ್ಯಾಗಗಳ ಜೊತೆಗೆ 'ಶತ್ರುವಿನ ಸಮ್ಮುಖದಲ್ಲಿ ತೋರಿದ ಪರಮ ಕರ್ತವ್ಯನಿಷ್ಠೆ' ಎಂಬ ಪ್ರತ್ಯೇಕ ಆಧಾರವೂ ಇದೆ. ಭಾರತದ ನಿಯಮ ಅದನ್ನು ಬಿಟ್ಟಿದೆ. ಈ ವ್ಯತ್ಯಾಸ ನಮ್ಮ ಪ್ರಕರಣದಲ್ಲಿ ಏಕೆ ಮುಖ್ಯವೆಂಬುದು ರಾಣೆಯವರದೇ ಪಡೆಯ ಹಳೆಯ ಒಂದು ಪ್ರಕರಣವನ್ನು ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. 1941ರ ಆರಂಭದಲ್ಲಿ, ಅಬಿಸಿನಿಯಾದ (ಇಂದಿನ ಇಥಿಯೋಪಿಯಾ) ಗಡಿಯಲ್ಲಿ, ಬಾಂಬೆ ಸ್ಯಾಪರ್ಸ್‌ನ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ ಅವರು ಇಟಾಲಿಯನ್ ಸೇನೆಯನ್ನು ಬೆನ್ನಟ್ಟುತ್ತಿದ್ದ ದಂಡಿನ ಮುಂದೆ ಸಾಗುತ್ತಾ ನಾಲ್ಕು ದಿನಗಳಲ್ಲಿ 55 ಮೈಲಿ ಉದ್ದಕ್ಕೂ 15 ನೆಲಬಾಂಬು ಕ್ಷೇತ್ರಗಳನ್ನು ತೆರವುಗೊಳಿಸಿದರು. ಅವರು ಕುಳಿತಿದ್ದ ಕ್ಯಾರಿಯರ್ ಎರಡು ಸಲ ಬಾಂಬಿನ ಮೇಲೆ ಹಾಯ್ದು ಸಿಡಿಯಿತು. ಸ್ಫೋಟದಿಂದ ಕಿವಿಯ ತಮಟೆ ಹರಿಯಿತು. ಬದಲಿ ಅಧಿಕಾರಿಯನ್ನು ಕಳಿಸುತ್ತೇವೆಂದಾಗ, ಈ ಕೆಲಸ ಈಗ ನನಗೇ ಹೆಚ್ಚು ರೂಢಿಯಾಗಿದೆ ಎಂಬ ಕಾರಣ ಕೊಟ್ಟು ಅವರು ಒಲ್ಲೆನೆಂದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು.

ಅದೇ ಪಡೆ, ಅದೇ ಹುದ್ದೆ, ಅದೇ ಬಗೆಯ ಕೆಲಸ, ಅದೇ ನಾಲ್ಕು ದಿನ. ಭಗತ್ ಅವರ ಪ್ರಕರಣವನ್ನು ಕರ್ತವ್ಯನಿಷ್ಠೆಯ ಆಧಾರದ ಮೇಲೂ ನಿಲ್ಲಿಸಬಹುದಿತ್ತು. ರಾಣೆಯವರ ಪ್ರಕರಣಕ್ಕೆ ಆ ಅನುಕೂಲ ಇರಲಿಲ್ಲ. ತಾಳ್ಮೆಯಿಂದ, ನಿಧಾನವಾಗಿ, ದಿನಗಟ್ಟಲೆ ಮಾಡಿದ ಕೆಲಸವನ್ನು ಭಾರತದ ನಿಯಮದೊಳಗೆ 'ಅತ್ಯಂತ ಎದ್ದುಕಾಣುವ ಧೈರ್ಯ' ಎಂದೇ ಗುರುತಿಸಬೇಕಾಗಿತ್ತು. ಹಾಗೆ ಗುರುತಿಸಿದ್ದು ಸರಿಯೇ ಎಂಬ ಪ್ರಶ್ನೆಗೆ ನನ್ನ ಉತ್ತರ ನಿಸ್ಸಂದೇಹವಾಗಿ ಹೌದು, ಮತ್ತು ಅದಕ್ಕೆ ಕಾರಣ ಆ ನಾಲ್ಕು ದಿನಗಳಲ್ಲಿ ರಾಣೆಯವರು ಮಾಡಿದ ಆಯ್ಕೆಗಳಲ್ಲಿದೆ.

ಆಯ್ಕೆಗಳು

ಆಕಸ್ಮಿಕವಾಗಿ ಎದುರಾದ ಸಾವಿನ ಮುಂದೆ ಒಂದು ಕ್ಷಣದಲ್ಲಿ ತೋರುವ ಧೈರ್ಯ ದೊಡ್ಡದು. ಅದನ್ನು ಕಡಿಮೆಯೆಂದು ನಾನು ಹೇಳುತ್ತಿಲ್ಲ. ಆದರೆ ರಾಣೆಯವರಿಗೆ ಹಿಂದೆ ಸರಿಯಲು ಗೌರವದ ದಾರಿಗಳು ಮತ್ತೆ ಮತ್ತೆ ತೆರೆದಿದ್ದವು. 8ರ ಬೆಳಿಗ್ಗೆ ಗಾಯವಾದ ಕೂಡಲೇ ಅವರು ಹಿಂದಿನ ವೈದ್ಯಕೀಯ ಠಾಣೆಗೆ ಹೋಗಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಬರ್ವಾಲಿಯ ಸಂಜೆ, ಜಾಗ ಪೂರ್ತಿ ತೆರವಾಗುವವರೆಗೆ ಕಾಯುತ್ತೇನೆಂದಿದ್ದರೆ ಅದು ನ್ಯಾಯವಾದ ಮಾತೇ ಆಗುತ್ತಿತ್ತು. 9ರಂದು ಮುಂದಿನ ಕ್ಯಾರಿಯರ್ ಹತ್ತದೆ, ತಡೆ ಸಿಕ್ಕಾಗ ಹಿಂದಿನಿಂದ ಕರೆಸಿಕೊಳ್ಳಿ ಎನ್ನಬಹುದಿತ್ತು.

ಇವೆಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತಿರುವುದು 10ರ ನಸುಕು. ಹಿಂದಿನ ಸಂಜೆ ಎದುರಾದ ತಡೆ ಹಠಾತ್ತಾಗಿ ಬಂದದ್ದು. ಮೈಬಿಸಿಯಲ್ಲಿ, ಸಾಗುತ್ತಿರುವ ದಂಡಿನ ಓಟದಲ್ಲಿ ಮನುಷ್ಯ ಎಂಥದ್ದಕ್ಕೂ ಕೈಹಾಕಬಹುದು. ಆದರೆ ರಾತ್ರಿ ಕಳೆದಿದೆ, ಮೈ ತಣ್ಣಗಾಗಿದೆ, ಗಾಯ ನೋಯತೊಡಗಿದೆ. ಐದು ಮರಗಳು ಎಲ್ಲಿವೆ, ಅವುಗಳ ಸುತ್ತ ಏನು ಹೂತಿದೆ, ಯಾವ ದಿಕ್ಕಿನಿಂದ ಗುಂಡು ಬರುತ್ತದೆ ಎಂಬುದೆಲ್ಲ ಈಗ ಚೆನ್ನಾಗಿ ಗೊತ್ತು. ಗೊತ್ತಿರುವ ಅಪಾಯದ ಕಡೆಗೆ ಕತ್ತಲಿನಲ್ಲಿ ಎದ್ದು ಮರಳಿ ನಡೆಯುವುದರಲ್ಲಿ ಆವೇಶಕ್ಕೆ ಜಾಗವಿಲ್ಲ.

10ರ ಮಧ್ಯಾಹ್ನ ಇನ್ನೊಂದು ಬಗೆಯದು. ಟ್ಯಾಂಕುಗಳು ದಾಟಿಹೋಗಿದ್ದವು, ಎಲ್ಲರ ಕಣ್ಣೂ ಚಿಂಗಸ್‌ನ ಮೇಲಿತ್ತು. ಯಾವ ಕೆಲಸಕ್ಕೆಂದು ಅವರನ್ನು ನೇಮಿಸಲಾಗಿತ್ತೋ ಆ ಕೆಲಸದ ಎದ್ದುಕಾಣುವ ಭಾಗ ಮುಗಿದಿತ್ತು. ಆದರೆ ಪೆಟ್ರೋಲು, ಮದ್ದುಗುಂಡು, ರೇಷನ್ನು, ಗಾಯಾಳುಗಳ ವಾಹನ ಇವು ನದಿಪಾತ್ರದಲ್ಲಿ ಸಾಗಲಾರವು, ಅವು ಬಾರದೆ ಟ್ಯಾಂಕು ಹೆಚ್ಚು ದಿನ ನಿಲ್ಲಲಾರದು. ರಸ್ತೆ ತೆರೆಯುವುದು ಎಷ್ಟು ಅಗತ್ಯವೆಂಬುದನ್ನು ರಾಣೆಯವರೇ ಮನಗಂಡು ದುಡಿದರೆಂದು ಉಲ್ಲೇಖಪತ್ರ ಹೇಳುವುದು ಈ ಸ್ಥಳದಲ್ಲಿ. ಒಂದು ಶೌರ್ಯಪದಕದ ಪತ್ರದಲ್ಲಿ ಸರಬರಾಜು ಲಾರಿಗಳಿಗಾಗಿ ಊಟ ಬಿಟ್ಟು ದುಡಿದದ್ದನ್ನು ಬರೆಯಬೇಕೆಂದು ತೋರಿದ ಆ ಅಜ್ಞಾತ ಬರಹಗಾರನ ವಿವೇಕಕ್ಕೆ ನಾನು ಕೃತಜ್ಞ.

ಹೆಸರಿಲ್ಲದವರು

ಈ ಪತ್ರದಲ್ಲಿ ನನ್ನನ್ನು ಕಾಡುವ ಒಂದು ಸಂಗತಿಯನ್ನೂ ಹೇಳಲೇಬೇಕು. ಮೊದಲ ಮಾರ್ಟರ್ ದಾಳಿಯಲ್ಲಿ ಸತ್ತ ಇಬ್ಬರು, ರಾಣೆಯವರ ಜೊತೆ ಗಾಯಗೊಂಡ ನಾಲ್ವರು, ಉಳಿದು ನಾಲ್ಕು ದಿನ ಪಿಕಾಸಿ ಹಿಡಿದ ಸ್ಯಾಪರ್‌ಗಳು ಅದರಲ್ಲಿ 'ತುಕಡಿ' ಎಂಬ ಒಂದು ಪದದೊಳಗೆ ಅಡಗಿಹೋಗಿದ್ದಾರೆ. ಪದಕ ವ್ಯಕ್ತಿಗೆ ಸಲ್ಲುವಂಥದ್ದು, ಪತ್ರ ಆ ವ್ಯಕ್ತಿಯದು. ನಿಯಮ ಹಾಗಿದೆ, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೂ ಐದು ಪೈನ್ ಮರಗಳನ್ನು ಒಬ್ಬರೇ ಸರಿಸಲಾಗದು, ಗುಡ್ಡದ ಬದಿಯಲ್ಲಿ ಟ್ಯಾಂಕು ಹಾಯುವಷ್ಟು ದಾರಿಯನ್ನು ಒಬ್ಬರೇ ಕಡಿಯಲಾಗದು. ರಾಣೆಯವರ ನಾಯಕತ್ವದ ಅಳತೆ ಇರುವುದೂ ಇಲ್ಲಿಯೇ: ಕೆಲಸ ಶುರುವಾಗುವ ಮೊದಲೇ ಏಳು ಮಂದಿಗೆ ಪೆಟ್ಟಾದ ತುಕಡಿ ಅವರ ಹಿಂದೆ ಮುಂದಿನ ಮೂರೂವರೆ ದಿನ ಬಿಡದೆ ನಡೆದಿತ್ತು.

ಆಮೇಲೆ

ಏಪ್ರಿಲ್ 12ರಂದು ಭಾರತೀಯ ಸೇನೆ ರಜೌರಿಯನ್ನು ಸೇರಿತು. ಬ್ರಿಗೇಡಿಯರ್ ಉಸ್ಮಾನ್ ಅವರು ಜುಲೈ 3ರಂದು ಝಂಗಡದಲ್ಲಿ ಶೆಲ್ ಬಿದ್ದು ಮಡಿದರು. ರಾಣೆಯವರು ಸೇವೆಯಲ್ಲಿ ಮುಂದುವರಿದು ಮೇಜರ್ ಹುದ್ದೆಗೇರಿ ನಿವೃತ್ತರಾದರು. 1994ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಸೇನೆಯ ಇಂಜಿನಿಯರ್ಸ್ ಕೋರ್‌ಗೆ ಈವರೆಗೆ ಸಂದಿರುವ ಏಕೈಕ ಪರಮವೀರ ಚಕ್ರ ಅವರದೇ. ಭಾರತೀಯ ನೌಕಾಯಾನ ನಿಗಮ ತನ್ನ ಒಂದು ತೈಲವಾಹಕ ಹಡಗಿಗೆ ಅವರ ಹೆಸರಿಟ್ಟಿತು. 2023ರ ಜನವರಿಯಲ್ಲಿ ಅಂಡಮಾನ್ ಮತ್ತು ನಿಕೋಬಾರಿನ 21 ದ್ವೀಪಗಳಿಗೆ ಪರಮವೀರ ಚಕ್ರ ಪುರಸ್ಕೃತರ ಹೆಸರಿಟ್ಟಾಗ ಒಂದು ಅವರದಾಯಿತು. ಪದಕ ಬಂದ 1950ರಲ್ಲಿ ಕಾರವಾರ ಮುಂಬಯಿ ರಾಜ್ಯದಲ್ಲಿತ್ತು, ಆರು ವರ್ಷಗಳ ಬಳಿಕ ನಮ್ಮ ರಾಜ್ಯಕ್ಕೆ ಸೇರಿತು. ಅದರಿಂದಲೋ ಏನೋ, ಕನ್ನಡ ನಾಡಿನ ಬೇರೆ ಕಡೆಗಳಲ್ಲಿ ಈ ಹೆಸರು ಸಿಗಬೇಕಾದಷ್ಟು ಬಾಯಿಗೆ ಬಂದಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ, ಐಎನ್ಎಸ್ ಚಪಲ್ ಯುದ್ಧನೌಕೆಯ ಸಂಗ್ರಹಾಲಯದ ಬಳಿ, ಅವರ ಪ್ರತಿಮೆ ಇದೆ.

ಉಲ್ಲೇಖಪತ್ರ ಮಾತ್ರ ರಜೌರಿಯನ್ನು ಸೇರಿದ ಸಂಗತಿಯನ್ನು ಹೇಳುವುದಿಲ್ಲ. ಅದರ ಕೊನೆಯ ಸಾಲಿನಲ್ಲಿ ಏಪ್ರಿಲ್ 11ರ ರಾತ್ರಿ 10 ಗಂಟೆಯಾಗಿದೆ, ಚಿಂಗಸ್ ಹಿಂದೆ ಉಳಿದಿದೆ, ರಾಣೆಯವರು ಮುಂದಿನ ರಸ್ತೆಯ ಮೇಲೆ ಕೆಲಸದಲ್ಲಿದ್ದಾರೆ.